ಕೀಪರ್ ಪಟ್ಟಿಯಲ್ಲಿ ಎರಡು ಜಾಗ ಖಾಲಿ: ಈ ನಾಲ್ವರು ಹುಡುಗರಲ್ಲಿ ಯಾರು?

ಸನಿವೇಲ್ ಸಂಜೆ:
ನಮ್ಮದು 12 ತಂಡಗಳ ಫ್ಯಾಂಟಸಿ ಬೇಸ್‌ಬಾಲ್ ಲೀಗ್, ಅಂದರೆ ನಿಜವಾದ ಆಟಗಾರರನ್ನು ಆರಿಸಿ ಕಾಗದದ ಮೇಲೆ ತಂಡ ಕಟ್ಟಿ, ಅವರ ಅಂಕಿಗಳ ಮೇಲೆ ಆಡುವ ಆಟ. 2025ರ ಸೀಸನ್ ಮುಗಿಯಿತು, ಈಗ 2026ಕ್ಕೆ ಆರಿಸಬೇಕು. ಸೀಸನ್ ಮುಗಿದ ಮೇಲೆ ಪ್ರತಿ ತಂಡ ಐದು ಜನರನ್ನು ಉಳಿಸಿಕೊಳ್ಳಬಹುದು (ಅವರೇ ಕೀಪರ್‌ಗಳು), ಮಿಕ್ಕವರು ಡ್ರಾಫ್ಟ್‌ಗೆ, ಅಂದರೆ ತಂಡಗಳು ರೌಂಡ್ ರೌಂಡಾಗಿ ಆಟಗಾರರನ್ನು ಆರಿಸುವ ಸರದಿಗೆ, ವಾಪಸ್. ಉಳಿಸಿಕೊಳ್ಳುವುದಕ್ಕೂ ಬೆಲೆ ಇದೆ. ಆಟಗಾರನನ್ನು ಯಾವ ರೌಂಡ್‌ನಲ್ಲಿ ತೆಗೆದುಕೊಂಡಿದ್ದೆವೋ ಆ ರೌಂಡ್ ನಮ್ಮ ಕೈ ಬಿಟ್ಟುಹೋಗುತ್ತದೆ. ಸೀಸನ್ ಮಧ್ಯೆ ಎತ್ತಿಕೊಂಡವರಿಗೆ 15ನೇ ರೌಂಡ್. ಒಬ್ಬನನ್ನು ಮೂರು ಸೀಸನ್‌ಗಿಂತ ಜಾಸ್ತಿ ಇಟ್ಟುಕೊಳ್ಳುವ ಹಾಗಿಲ್ಲ. ಪಿಚರ್‌ಗಳಿಗೆ (ಚೆಂಡು ಎಸೆಯುವವರಿಗೆ) ಲೆಕ್ಕಕ್ಕೆ ಬರುವುದು ಗೆಲುವು, ಸೇವ್ (ಮುನ್ನಡೆಯನ್ನು ಕೊನೆಯಲ್ಲಿ ಬಂದು ಕಾಯುವುದು), ಸ್ಟ್ರೈಕೌಟ್ (ಮೂರು ಸ್ಟ್ರೈಕ್‌ಗೆ ಬ್ಯಾಟ್ಸ್‌ಮನ್ ಔಟ್), ಇಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ, ಅಂದರೆ ಪೂರ್ತಿ ಪಂದ್ಯಕ್ಕೆ, ಬಿಟ್ಟುಕೊಟ್ಟ ರನ್; ಕಮ್ಮಿಯಾದಷ್ಟೂ ಒಳ್ಳೆಯದು), ವಿಪ್ (ಒಂದು ಇನ್ನಿಂಗ್ಸ್‌ಗೆ ಕೊಟ್ಟ ಹಿಟ್ ಮತ್ತು ವಾಕ್; ವಾಕ್ ಅಂದರೆ ನಾಲ್ಕು ಕೆಟ್ಟ ಎಸೆತಕ್ಕೆ ಪುಕ್ಕಟೆ ಬೇಸ್).

ಮೂವರು ಖಚಿತ. ಪಿಚರ್ ಪಾಲ್ ಸ್ಕೀನ್ಸ್, ಬ್ಯಾಟ್ಸ್‌ಮನ್‌ಗಳಾದ ಜೂನಿಯರ್ ಕಮಿನೇರೊ, ಜೇಮ್ಸ್ ವುಡ್. ಸ್ಕೀನ್ಸ್‌ನನ್ನು 2024ರ ಮೇ ತಿಂಗಳಲ್ಲಿ ಎತ್ತಿಕೊಂಡೆ, ಹಾಗಾಗಿ 2026 ಅವನ ಕೊನೇ ವರ್ಷ. ಆಮೇಲೆ ಅವನು ನನ್ನವನಲ್ಲ. ಅವನ ಜಾಗಕ್ಕೆ ಈಗಲೇ ಒಬ್ಬನನ್ನು ಬೆಳೆಸಿಕೊಳ್ಳಬೇಕು. ನನ್ನ ಹತ್ತಿರ ಇರುವ ಹುಡುಗ ಪಿಚರ್‌ಗಳು: ಜೇಕಬ್ ಮಿಸರೊವ್ಸ್ಕಿ, ಚೇಸ್ ಬರ್ನ್ಸ್, ಟ್ರೇ ಯೆಸಾವೇಜ್ (ಮೂವರೂ 15ನೇ ರೌಂಡ್), ಯೂರಿ ಪೆರೆಸ್ (10ನೇ ರೌಂಡ್). ಎರಡು ಜಾಗ ಇದೆ. ನನ್ನ ಮನಸ್ಸು ಮಿಸರೊವ್ಸ್ಕಿ, ಯೆಸಾವೇಜ್ ಕಡೆ ಇದೆ. ನೀವೇನಂತೀರಿ?

ಎಡಿಸನ್ ಅಣ್ಣ:
ನಾಲ್ವರನ್ನೂ ಬಿಡಿ. ಎರಡು ಜಾಗಕ್ಕೂ ಬ್ಯಾಟ್ಸ್‌ಮನ್ ಹುಡುಕಿ.

ನಾನು ಈ ಆಟ ಆಡುತ್ತಾ ಇಪ್ಪತ್ತು ವರ್ಷ ದಾಟಿತು. ಶಿಕಾಗೋದ ಮಾರ್ಕ್ ಪ್ರಯರ್ 2003ರಲ್ಲಿ 18 ಗೆಲುವು, 245 ಸ್ಟ್ರೈಕೌಟ್, 2.43 ಇಆರ್‌ಎ. ಅಂಥ ಚೊಕ್ಕ ಎಸೆತದ ಹುಡುಗ ಮತ್ತೊಬ್ಬನಿಲ್ಲ ಎಂದು ಎಲ್ಲರೂ ಅಂದರು. ಅವನ ಕೊನೇ ಮೇಜರ್ ಲೀಗ್ (ಅಮೆರಿಕದ ಅತಿ ಮೇಲಿನ ಲೀಗ್) ಪಂದ್ಯ 2006ರಲ್ಲಿ, 25ನೇ ವಯಸ್ಸಿಗೆ. ಮೊನ್ನೆ ಮೊನ್ನೆ ಸ್ಪೆನ್ಸರ್ ಸ್ಟ್ರೈಡರ್ ಕಥೆಯೂ ಅದೇ ಅಲ್ವಾ? 2023ರಲ್ಲಿ 281 ಸ್ಟ್ರೈಕೌಟ್, 20 ಗೆಲುವು. ಕಣ್ಣು ಮುಚ್ಚಿಕೊಂಡು ಉಳಿಸಿಕೊಂಡೆ. 2024ರಲ್ಲಿ ಎರಡೇ ಪಂದ್ಯ ಆಡಿ ಮೊಣಕೈ ಸರ್ಜರಿಗೆ ಹೋದ. 2025ರಲ್ಲಿ ವಾಪಸ್ ಬಂದ, ಆದರೆ ಆ ವೇಗ ವಾಪಸ್ ಬರಲಿಲ್ಲ. 14 ಸೋಲು. ಅದೇ ಜಾಗದಲ್ಲಿ ನಾನು ಒಬ್ಬ ಔಟ್‌ಫೀಲ್ಡರ್ ಇಟ್ಟುಕೊಂಡಿದ್ದರೆ ಎರಡು ಸೀಸನ್ ಹಾಳಾಗುತ್ತಿರಲಿಲ್ಲ.

ಪಿಚಿಂಗ್ ಪ್ರಾಸ್ಪೆಕ್ಟ್ (ಮುಂದೆ ದೊಡ್ಡವನಾಗುತ್ತಾನೆ ಎಂದು ನಂಬಬಹುದಾದ ಹುಡುಗ ಪಿಚರ್) ಎಂಬ ಪ್ರಾಣಿಯೇ ಇಲ್ಲ ಎಂದು ಇಲ್ಲಿ ಹಳಬರು ಹೇಳುತ್ತಾರೆ. ಅದು ಸುಮ್ನೆ ಹುಟ್ಟಿದ ಮಾತಲ್ಲ.

ಬೆಳಗಿನ ಐದೂವರೆ:
ಅಣ್ಣ, ನೀವು 2025ರ ವರ್ಲ್ಡ್ ಸೀರೀಸ್‌ನ (ಮೇಜರ್ ಲೀಗ್‌ನ ಫೈನಲ್ ಸರಣಿಯ) ಐದನೇ ಪಂದ್ಯ ನೋಡಿದ್ರಾ? ನಾನು ಬೆಂಗಳೂರಿನಲ್ಲಿ ಅಕ್ಟೋಬರ್ 30ರ ಬೆಳಿಗ್ಗೆ ಐದೂವರೆಗೆ ಎದ್ದು ಕೂತು ನೋಡಿದೆ. ಡಾಡ್ಜರ್ಸ್‌ನ ಮನೆ ಅಂಗಳ. ಎದುರಿಗೆ ಒಹ್ತಾನಿ, ಬೆಟ್ಸ್, ಫ್ರೀಮನ್. ಟೊರಾಂಟೊದ 22 ವರ್ಷದ ಯೆಸಾವೇಜ್ ಏಳು ಇನ್ನಿಂಗ್ಸ್‌ನಲ್ಲಿ 12 ಜನರನ್ನು ಸ್ಟ್ರೈಕೌಟ್ ಮಾಡಿದ. ವರ್ಲ್ಡ್ ಸೀರೀಸ್‌ನಲ್ಲಿ ಹೊಸಬನೊಬ್ಬ ಇಷ್ಟು ಮಾಡಿದ್ದು ಅದೇ ಮೊದಲು. ಒಂದೂ ವಾಕ್ ಇಲ್ಲ!

ಆ ಸ್ಪ್ಲಿಟರ್ ನೋಡಬೇಕಿತ್ತು. ಕೈ ತಲೆಯ ಮೇಲಿಂದ ಬರುತ್ತದೆ, ಚೆಂಡು ಎದೆ ಮಟ್ಟಕ್ಕೆ ಬರುವ ಹಾಗೆ ಕಾಣುತ್ತದೆ, ಬ್ಯಾಟ್ ಬೀಸುವ ಹೊತ್ತಿಗೆ ನೆಲ ಮುಟ್ಟುತ್ತಿರುತ್ತದೆ. ಕಾಫಿ ಲೋಟ ಕೈಯಲ್ಲೇ ಆರಿಹೋಯಿತು. ಅವನು ಆ ವರ್ಷ ಶುರು ಮಾಡಿದ್ದು ಸಿಂಗಲ್ ಎ ಮಟ್ಟದಲ್ಲಿ, ಮೇಜರ್ ಲೀಗ್‌ಗಿಂತ ಎಷ್ಟೋ ಮೆಟ್ಟಿಲು ಕೆಳಗೆ. ಇಂಥವನನ್ನು 15ನೇ ರೌಂಡ್‌ಗೆ ಬಿಟ್ಟುಕೊಡುವುದುಂಟಾ?

ಅಂಕಿ ಅಂಗಡಿ:
ಪಂದ್ಯ ನಾನೂ ನೋಡಿದೆ, ಮೈ ಜುಮ್ ಅಂದಿತು. ಆದರೆ ಒಂದು ಮಾತು. ನಮ್ಮ ಫ್ಯಾಂಟಸಿಯಲ್ಲಿ ಅಕ್ಟೋಬರ್‌ನ ಪ್ಲೇಆಫ್ ಪಂದ್ಯಗಳು ಲೆಕ್ಕಕ್ಕಿಲ್ಲ. ರೆಗ್ಯುಲರ್ ಸೀಸನ್‌ನಲ್ಲಿ ಯೆಸಾವೇಜ್ ಆಡಿದ್ದು ಮೂರೇ ಪಂದ್ಯ, ಅದೂ ಸೆಪ್ಟೆಂಬರ್ 15ರಿಂದ ಈಚೆಗೆ. ಅವನ ಎಸೆತವನ್ನು ಎರಡನೇ ಸಲ, ಮೂರನೇ ಸಲ ಎದುರಿಸಿದವರು ಬಹಳ ಕಮ್ಮಿ. 2026ರಲ್ಲಿ ಅವನ ಡಿವಿಷನ್‌ನ ನಾಲ್ಕು ತಂಡಗಳೂ ಅವನ ವಿಡಿಯೋ ಇಟ್ಟುಕೊಂಡು ಕೂತಿರುತ್ತವೆ. ಮೇಲಾಗಿ ಅವನು ಮಾಮೂಲಿಗಿಂತ ಒಂದು ತಿಂಗಳು ಜಾಸ್ತಿ ಎಸೆದಿದ್ದಾನೆ, ಅದೂ ಜೀವಮಾನದ ಒತ್ತಡದಲ್ಲಿ. ಟೊರಾಂಟೊ ಅವನನ್ನು ಏಪ್ರಿಲ್‌ನಲ್ಲಿ ನಿಧಾನಕ್ಕೆ ಇಳಿಸಿದರೆ ನನಗೆ ಆಶ್ಚರ್ಯ ಆಗುವುದಿಲ್ಲ.

ನಾನು ಹುಡುಗ ಪಿಚರ್‌ಗಳಲ್ಲಿ ಮೊದಲು ನೋಡುವುದು ವೇಗ ಅಲ್ಲ. ಆ ತೋಳು ಹೋದ ವರ್ಷ ಎಷ್ಟು ಇನ್ನಿಂಗ್ಸ್ ಹೊತ್ತಿತ್ತು, ಈ ವರ್ಷ ಎಷ್ಟು ಹೊತ್ತಿತು? ಸ್ಕೀನ್ಸ್‌ನನ್ನೇ ನೋಡಿ. 2024ರಲ್ಲಿ ಪಿಟ್ಸ್‌ಬರ್ಗ್ ಅವನನ್ನು ಮೇ 11ರ ತನಕ ಕೆಳಗೇ ಇಟ್ಟಿತು. ಮೇಜರ್ ಲೀಗ್‌ನಲ್ಲಿ 133 ಇನ್ನಿಂಗ್ಸ್. ಮರುವರ್ಷ 187ಕ್ಕೆ ಏರಿದ. ಇಆರ್‌ಎ 1.96 ಇದ್ದದ್ದು 1.97. ಮೆಟ್ಟಿಲು ಹತ್ತಿದ ಹಾಗೆ ಹತ್ತಿದ. ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಅವಾರ್ಡ್ ಬಂತು.

ಎರಡನೆಯದು ಸ್ಟ್ರೈಕೌಟ್‌ನಲ್ಲಿ ವಾಕ್ ಕಳೆದರೆ ಉಳಿಯುವುದೆಷ್ಟು ಎನ್ನುವುದು. ಗೆಲುವನ್ನು ನಾನು ನೋಡುವುದೇ ಇಲ್ಲ. ಸೈ ಯಂಗ್ ಗೆದ್ದ ಸ್ಕೀನ್ಸ್‌ಗೆ ಆ ವರ್ಷ 10 ಗೆಲುವು, 10 ಸೋಲು. ಬ್ಯಾಟಿಂಗ್ ಇಲ್ಲದ ತಂಡ, ಅವನೇನು ಮಾಡಿಯಾನು?

ಮಿಲ್ವಾಕಿ ಮನೆ:
ನಮ್ಮೂರ ಹುಡುಗನ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ. 2025ರ ಜೂನ್ 12ರಂದು ಮಿಸರೊವ್ಸ್ಕಿಯ ಮೊದಲ ಪಂದ್ಯಕ್ಕೆ ನಾನು ಸ್ಟೇಡಿಯಂನಲ್ಲೇ ಇದ್ದೆ. ಆರೂ ಮುಕ್ಕಾಲು ಅಡಿ ಎತ್ತರವೇನೋ ಅನಿಸುವ ಸಣಕಲ ಹುಡುಗ. ಎಸೆಯುವಾಗ ಅವನ ಕಾಲು ಎಷ್ಟು ಮುಂದೆ ಬರುತ್ತದೆ ಅಂದರೆ, ಚೆಂಡನ್ನು ಎಸೆಯುತ್ತಿದ್ದಾನೋ ಬ್ಯಾಟ್ಸ್‌ಮನ್ ಕೈಗೇ ಕೊಡುತ್ತಿದ್ದಾನೋ ಅನಿಸುತ್ತದೆ. ಮೊದಲ ಇನ್ನಿಂಗ್ಸ್‌ನಲ್ಲೇ ಬೋರ್ಡ್ ಮೇಲೆ 100 ಮೈಲಿ ದಾಟಿದ ಅಂಕಿಗಳು ಬರತೊಡಗಿದವು. ನಮ್ಮ ಸಾಲಿನವರು ಪಾಪ್‌ಕಾರ್ನ್ ತಿನ್ನುವುದನ್ನೇ ಬಿಟ್ಟರು. ಐದು ಇನ್ನಿಂಗ್ಸ್, ಒಂದೂ ಹಿಟ್ ಇಲ್ಲ. ಮುಂದಿನ ಪಂದ್ಯವೂ ಸೇರಿ ಒಟ್ಟು 11 ಇನ್ನಿಂಗ್ಸ್ ಯಾರೂ ಅವನಿಗೆ ಹಿಟ್ ಹೊಡೆಯಲಿಲ್ಲ. ಐದೇ ಪಂದ್ಯ ಆಡಿ, ಸೀಸನ್ ಮಧ್ಯೆ ನಡೆಯುವ ತಾರೆಯರ ಆಲ್ ಸ್ಟಾರ್ ಪಂದ್ಯಕ್ಕೆ ಹೋದ.

ಎಡಿಸನ್ ಅಣ್ಣ:
ಆಮೇಲೆ?

ಮಿಲ್ವಾಕಿ ಮನೆ:
ಆಮೇಲೆ ಪೆಟ್ಟು ತಿಂದ, ಒಪ್ಪುತ್ತೇನೆ. ವರ್ಷ ಮುಗಿಸಿದ್ದು 4.36 ಇಆರ್‌ಎಗೆ. ವಾಕ್ ಜಾಸ್ತಿ. ಆದರೆ 66 ಇನ್ನಿಂಗ್ಸ್‌ನಲ್ಲಿ 87 ಸ್ಟ್ರೈಕೌಟ್ ಅಣ್ಣ! ಪ್ಲೇಆಫ್‌ನಲ್ಲಿ 104 ಮೈಲಿ ಮುಟ್ಟಿದ.

ಪ್ಲೇನೋ ಅಮ್ಮ:
ಆ 104 ಕೇಳಿದರೆ ನನಗೆ ಖುಷಿಗಿಂತ ಹೆದರಿಕೆಯೇ ಜಾಸ್ತಿ.

ನಾನು ಫ್ಯಾಂಟಸಿ ಶುರು ಮಾಡಿ ಮೂರು ವರ್ಷ. ಆದರೆ ಮಗ ಪಿಚರ್, ಈಗ ಅವನಿಗೆ 12. ಹೋದ ವರ್ಷ ಒಂದು ಟ್ರಾವೆಲ್ ಟೀಮ್‌ನಲ್ಲಿದ್ದ. ಶನಿವಾರ ಎಪ್ಪತ್ತು ಚಿಲ್ಲರೆ ಎಸೆತ ಹಾಕಿಸಿದರು, ಭಾನುವಾರ ಫೈನಲ್ ಎಂದು ಮತ್ತೆ ನಿಲ್ಲಿಸಿದರು. ಇವನಿಗೂ ಉತ್ಸಾಹ, ಬೇಡ ಅನ್ನಲಿಲ್ಲ. ಸೋಮವಾರ ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ ಬಾಯಿಗೆ ತರಲು ಕೈ ಮಡಚಲು ಆಗಲಿಲ್ಲ. ಎಡಗೈಯಲ್ಲಿ ಉಜ್ಜಿಕೊಂಡು ಬಂದ, ನನಗೆ ಹೇಳಲೂ ಇಲ್ಲ. ತಟ್ಟೆಯಲ್ಲಿ ದೋಸೆ ಮುರಿಯುವಾಗ ಗೊತ್ತಾಯಿತು. ಮೂರು ತಿಂಗಳು ಚೆಂಡು ಮುಟ್ಟಲಿಲ್ಲ. ಆಮೇಲೆ ಓದಿ ತಿಳಿದುಕೊಂಡೆ. ಮೇಜರ್ ಲೀಗ್‌ನವರೇ ಹಾಕಿಕೊಟ್ಟ ಪಿಚ್ ಸ್ಮಾರ್ಟ್ ನಿಯಮದ ಪ್ರಕಾರ ಆ ವಯಸ್ಸಿನ ಮಕ್ಕಳು 66 ಎಸೆತ ಮುಟ್ಟಿದರೆ ನಾಲ್ಕು ದಿನ ರೆಸ್ಟ್ ಕೊಡಬೇಕು. ನಾಲ್ಕು ದಿನ! ಇವರು ಒಂದು ರಾತ್ರಿ ಕೊಟ್ಟರು.

ಇದನ್ನು ಇಲ್ಲಿ ಯಾಕೆ ಹೇಳುತ್ತಿದ್ದೇನೆ ಅಂದರೆ, ಮೊಣಕೈಯ ಒಳಬದಿಯ ಆ ಲಿಗಮೆಂಟ್ ಸ್ನಾಯುವಿನ ಹಾಗಲ್ಲ. ವ್ಯಾಯಾಮ ಮಾಡಿಸಿ ಸ್ನಾಯುವನ್ನು ಬಲ ಮಾಡಬಹುದು, ಅದನ್ನು ಹಾಗೆ ಮಾಡಲು ಬರುವುದಿಲ್ಲ. ತೋಳು ಗಟ್ಟಿಯಾದಷ್ಟೂ ವೇಗ ಏರುತ್ತದೆ, ವೇಗ ಏರಿದಷ್ಟೂ ಅದರ ಮೇಲೆ ಎಳೆತ. 2024ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ಹೊರಡಿಸಿದ ವರದಿಯೂ ಇದನ್ನೇ ಹೇಳಿತು: ವೇಗದ ಬೆನ್ನು ಹತ್ತಿದ್ದು, ಪ್ರತಿ ಎಸೆತಕ್ಕೂ ಪೂರ್ತಿ ಜೋರು ಹಾಕುವುದು. ಅದಕ್ಕೇ ಪಟ್ಟಿಯಲ್ಲಿ ಅತಿ ವೇಗದವನನ್ನು ನೋಡಿದಾಗ ನಾನು ಮೊದಲು ಕೇಳುವುದು, ಇವನ ಸರ್ಜರಿ ಆಗಿದೆಯಾ, ಇನ್ನೂ ಬಾಕಿ ಇದೆಯಾ?

ನಾನಾದರೆ ಸರ್ಜರಿ ಮುಗಿಸಿಕೊಂಡು ಬಂದ ಯೂರಿ ಪೆರೆಸ್‌ನನ್ನು ಇಟ್ಟುಕೊಳ್ಳುತ್ತೇನೆ.

ಅಂಕಿ ಅಂಗಡಿ:
ಮಗ ಈಗ ಚೆನ್ನಾಗಿದ್ದಾನಾ?

ಪ್ಲೇನೋ ಅಮ್ಮ:
ಚೆನ್ನಾಗಿದ್ದಾನೆ. ಈಗ ಶಾರ್ಟ್‌ಸ್ಟಾಪ್ (ಒಳ ಮೈದಾನದ ಫೀಲ್ಡರ್) ಆಡುತ್ತಾನೆ, ವಾರಕ್ಕೊಮ್ಮೆ ಮಾತ್ರ ಪಿಚ್. ಎಸೆತ ಎಣಿಸುವ ಕ್ಲಿಕ್ಕರ್ ನನ್ನ ಕೈಯಲ್ಲೇ ಇರುತ್ತದೆ.

ಸನಿವೇಲ್ ಸಂಜೆ:
ಓದಿ ಹೊಟ್ಟೆ ಚುರ್ ಅಂದಿತು. ಬೇಗ ಪೂರ್ತಿ ಸರಿಹೋಗಲಿ.

ಪೆರೆಸ್ ಬಗ್ಗೆ ನನಗಿರುವ ಅನುಮಾನ ಅವನ ಬೆಲೆ. 10ನೇ ರೌಂಡ್. ಮತ್ತೆ 2025ರಲ್ಲಿ ಅವನ ಇಆರ್‌ಎ ನಾಲ್ಕರ ಮೇಲೇ ಇತ್ತು.

ಅಂಕಿ ಅಂಗಡಿ:
ಅವನ ಕಥೆಯನ್ನು ಪೂರ್ತಿ ನೋಡಿ. 2023ರ ಮೇನಲ್ಲಿ 20ನೇ ವಯಸ್ಸಿಗೆ ಮಯಾಮಿಗೆ ಬಂದ. 19 ಪಂದ್ಯ, 3.15 ಇಆರ್‌ಎ, 91 ಇನ್ನಿಂಗ್ಸ್‌ಗೆ 108 ಸ್ಟ್ರೈಕೌಟ್. 2024ರ ಏಪ್ರಿಲ್‌ನಲ್ಲಿ ಟಾಮಿ ಜಾನ್ ಸರ್ಜರಿ. ಅಂದರೆ ಬೇರೆ ಕಡೆಯಿಂದ ಸ್ನಾಯುರಜ್ಜು (ಟೆಂಡನ್) ತೆಗೆದು ಮೊಣಕೈಗೆ ಹೊಸ ಲಿಗಮೆಂಟ್ ಕಟ್ಟುವುದು. 1974ರಲ್ಲಿ ಡಾಕ್ಟರ್ ಫ್ರಾಂಕ್ ಜೋಬ್ ಮೊದಲು ಮಾಡಿದ್ದು ಟಾಮಿ ಜಾನ್ ಎಂಬ ಪಿಚರ್‌ಗೆ. ಆ ಮನುಷ್ಯ ಅದಾದ ಮೇಲೆ 1989ರ ತನಕ ಆಡಿದ! ಪೆರೆಸ್ 2025ರ ಜೂನ್‌ನಲ್ಲಿ ವಾಪಸ್ ಬಂದ. ಸರ್ಜರಿಯಿಂದ ಬಂದವರಿಗೆ ವೇಗ ಮೊದಲು ಸಿಗುತ್ತದೆ, ಗುರಿ ಕೂಡಿಬರಲು ಇನ್ನಷ್ಟು ತಿಂಗಳು ಬೇಕು. ಹಾಗಾಗಿ 2025ರ ಇಆರ್‌ಎ ಮೇಲೆ ತೀರ್ಪು ಕೊಡುವುದು ಸರಿಯಲ್ಲ. ಸರ್ಜರಿ 2024ರ ಮಾತಾಯಿತು, 2025ರ ಸೀಸನ್ ಮುಗಿದಾಗ ಅವನಿಗೆ ಇನ್ನೂ 22.

ಎಡಿಸನ್ ಅಣ್ಣ:
ಸರ್ಜರಿ ಆಯಿತು, ಇನ್ನು ನಿಶ್ಚಿಂತೆ ಅನ್ನಬೇಡಿ. ಪಿಚರ್ ಜೇಕಬ್ ಡಿಗ್ರಾಮ್‌ಗೆ 2010ರಲ್ಲೂ ಆಯಿತು, 2023ರಲ್ಲೂ ಆಯಿತು. ಇನ್ನೊಬ್ಬ ಪಿಚರ್ ಶೇನ್ ಮಕ್‌ಕ್ಲಾನಹನ್‌ಗೆ ಕಾಲೇಜಿನಲ್ಲಿ ಒಂದು, 2023ರಲ್ಲಿ ಇನ್ನೊಂದು. ಅವನು 2024ರಲ್ಲೂ ಇಲ್ಲ, 2025ರಲ್ಲೂ ಇಲ್ಲ. ನಿಮ್ಮ ಲೀಗ್‌ನಲ್ಲಿ ಇರುವುದೇ ಮೂರು ಸೀಸನ್, ಅದರಲ್ಲಿ ಎರಡು ಹೋದರೆ ಏನು ಉಳಿಯಿತು?

ಕಮಿನೇರೊನನ್ನು ನೋಡಿ. 2025ರಲ್ಲಿ ಅವನಿಗೂ 22, ಆ ಒಂದೇ ಸೀಸನ್‌ನಲ್ಲಿ 45 ಹೋಮ್ ರನ್. ಕೈಗೆ ಪೆಟ್ಟಾದರೆ ಬ್ಯಾಟ್ಸ್‌ಮನ್ ಆರು ವಾರದಲ್ಲಿ ಬರುತ್ತಾನೆ, ಪಿಚರ್ ಬರಲು ಒಂದೂವರೆ ವರ್ಷ.

ಕೊಳದ ದಂಡೆ:
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನಾನಿರುವುದು ಡೆಟ್ರಾಯಿಟ್ ಹತ್ತಿರ, ನನ್ನ ಅನುಭವ ಎಡಿಸನ್ ಅಣ್ಣನಿಗೆ ತದ್ವಿರುದ್ಧ.

2022ರ ಆಗಸ್ಟ್‌ನಲ್ಲಿ ನಮ್ಮ ಡೆಟ್ರಾಯಿಟ್ ಪಿಚರ್ ಟಾರಿಕ್ ಸ್ಕೂಬಲ್‌ಗೆ ಮುಂಗೈ ಸ್ನಾಯುವಿನ ಸರ್ಜರಿ ಆಯಿತು. ಅದಕ್ಕೂ ಮೊದಲು ಕಾಲೇಜಿನಲ್ಲೇ ಟಾಮಿ ಜಾನ್ ಆಗಿತ್ತು. ಎರಡು ಸಲ ಕುಯ್ದ ಕೈ, ಇನ್ನೇನು ಉಳಿದಿದೆ ಎಂದು ಬಿಟ್ಟುಬಿಟ್ಟೆ. ನಮ್ಮ ಲೀಗ್‌ನಲ್ಲಿ ಇನ್ನೊಬ್ಬರು ಕೊನೇ ರೌಂಡ್‌ನಲ್ಲಿ ಎತ್ತಿಕೊಂಡರು. 2024ರಲ್ಲಿ ಸೈ ಯಂಗ್, 2025ರಲ್ಲಿ ಮತ್ತೆ ಸೈ ಯಂಗ್. ಎರಡು ವರ್ಷವೂ ಆ ತಂಡವೇ ಲೀಗ್ ಗೆದ್ದಿತು. ನಾನು ಎರಡು ವರ್ಷ ಅವನ ಪಂದ್ಯಗಳನ್ನು ಟಿಕೆಟ್ ತೆಗೆದುಕೊಂಡು ನೋಡಿದೆ, ಪಾಯಿಂಟ್ ಮಾತ್ರ ಬೇರೆಯವರಿಗೆ.

ಹಾಗಾಗಿ ಪ್ರಶ್ನೆ ಪಿಚರ್ರೋ ಬ್ಯಾಟ್ಸ್‌ಮನ್ನೋ ಎನ್ನುವುದಲ್ಲ, ಎಷ್ಟು ಕೊಟ್ಟು ಇಟ್ಟುಕೊಳ್ಳುತ್ತೀರಿ ಎನ್ನುವುದು. ಸ್ಟ್ರೈಡರ್‌ಗೆ ಅಣ್ಣ ಯಾವ ರೌಂಡ್ ಕೊಟ್ಟಿದ್ರಿ?

ಎಡಿಸನ್ ಅಣ್ಣ:
ಎರಡನೇ ರೌಂಡ್.

ಕೊಳದ ದಂಡೆ:
ಅಲ್ಲೇ ನೋಡಿ ನೋವಾಗಿದ್ದು. 15ನೇ ರೌಂಡ್‌ನಲ್ಲಿ ಮುರಿದುಬಿದ್ದರೆ ಮರುದಿನ ಬೇರೆಯವನನ್ನು ಎತ್ತಿಕೊಳ್ಳಬಹುದು. 15ನೇ ರೌಂಡ್‌ನಲ್ಲಿ ಸಿಗುವ ಬ್ಯಾಟ್ಸ್‌ಮನ್ ಎಂಥವನು? ಹೆಚ್ಚೆಂದರೆ 15 ಹೋಮ್ ರನ್. ಅದಕ್ಕೆ ಹೋಲಿಸಿದರೆ ಮಿಸರೊವ್ಸ್ಕಿ ಲಾಭವೇ.

ಎಡಿಸನ್ ಅಣ್ಣ:
ಈ ಮಾತು ಒಪ್ಪಿದೆ. ನನ್ನ ಸಿಟ್ಟು ಪಿಚರ್ ಮೇಲಲ್ಲ, ಅವನಿಗೆ ಕೊಟ್ಟ ಬೆಲೆಯ ಮೇಲೆ ಇರಬೇಕಿತ್ತು. ಹಾಗಿದ್ದರೆ ಅಗ್ಗದ ಒಬ್ಬನನ್ನು ಇಟ್ಟುಕೊಳ್ಳಲಿ. ಇಬ್ಬರು ಬೇಡ. ಎರಡು ಹಸಿ ಮೊಣಕೈಗಳ ಮೇಲೆ ಐದರಲ್ಲಿ ಎರಡು ಜಾಗ ಇಡುವುದು ಜಾಸ್ತಿಯಾಯಿತು, ಆಗಲೇ ಸ್ಕೀನ್ಸ್ ಬೇರೆ ಇದ್ದಾನೆ.

ಬೆಳಗಿನ ಐದೂವರೆ:
ಬರ್ನ್ಸ್ ಬಗ್ಗೆ ಯಾರೂ ಹೇಳಲಿಲ್ಲ. ಯಾಂಕೀಸ್ ವಿರುದ್ಧ ಮೊದಲ ಪಂದ್ಯದಲ್ಲೇ ಎದುರಿಸಿದ ಮೊದಲ ಐವರನ್ನೂ ಸ್ಟ್ರೈಕೌಟ್ ಮಾಡಿದವನು.

ಅಂಕಿ ಅಂಗಡಿ:
ಮುಂದಿನ ಪಂದ್ಯದಲ್ಲೇ ಬಾಸ್ಟನ್ ಅವನನ್ನು ಒಂದು ಇನ್ನಿಂಗ್ಸ್ ಕೂಡ ಮುಗಿಸಲು ಬಿಡಲಿಲ್ಲ. ಪ್ರತಿಭೆ ಬಗ್ಗೆ ಎರಡು ಮಾತಿಲ್ಲ. ಆದರೆ ಸಿನ್ಸಿನಾಟಿಯ ಮೈದಾನ ಹೋಮ್ ರನ್‌ಗೆ ಹೇಳಿ ಮಾಡಿಸಿದ್ದು, ಆಗಸ್ಟ್‌ನಲ್ಲಿ ಮುಂಗೈ ನೋವೂ ಬಂತು. ನಾಲ್ವರಲ್ಲಿ ನಾನು ಮೊದಲು ಬಿಡುವುದು ಅವನನ್ನೇ.

ಸನಿವೇಲ್ ಸಂಜೆ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಕೂತು ಲೆಕ್ಕ ಹಾಕಿದೆ. ಬರ್ನ್ಸ್ ಡ್ರಾಫ್ಟ್‌ಗೆ. ಪೆರೆಸ್ ಉಳಿಯುತ್ತಾನೆ. 2025ರಲ್ಲಿ 95 ಇನ್ನಿಂಗ್ಸ್ ಹೊತ್ತ ತೋಳು, ಸ್ಕೀನ್ಸ್ ನನ್ನ ಕೈ ಬಿಟ್ಟುಹೋಗುವ 2027ಕ್ಕೆ ಸರಿಯಾಗಿ ಪೂರ್ತಿ ಸೀಸನ್‌ಗೆ ಸಿದ್ಧವಾಗಬೇಕು. ಇನ್ನೊಂದು ಜಾಗಕ್ಕೆ ಎಡಿಸನ್ ಅಣ್ಣ ಹೇಳಿದ ಹಾಗೆ ಬ್ಯಾಟ್ಸ್‌ಮನ್ ಹುಡುಕಲು ಹೊರಟೆ. ಲೀಗ್‌ನಲ್ಲಿ ಎಲ್ಲರ ಬಾಯಲ್ಲೂ ಯೆಸಾವೇಜ್ ಹೆಸರಿದೆ. ಅವನನ್ನು ಕೊಡುತ್ತೇನೆ, ಏನು ಕೊಡುತ್ತೀರಿ ಎಂದು ಮೂವರಿಗೆ ಬರೆದೆ.

ಈಗಷ್ಟೇ ಒಬ್ಬರ ಉತ್ತರ ಬಂತು. ಟೆಕ್ಸಸ್‌ನ ವ್ಯಾಟ್ ಲ್ಯಾಂಗ್‌ಫರ್ಡ್ ಕೊಡುತ್ತಾರಂತೆ. 2025ರಲ್ಲಿ 22 ಹೋಮ್ ರನ್, 22 ಸ್ಟೀಲ್ (ಓಡಿ ಕದ್ದ ಬೇಸ್). ಆದರೆ ಅವನ ಬೆಲೆ 6ನೇ ರೌಂಡ್.

ಎಡಿಸನ್ ಅಣ್ಣ:
ತೆಗೆದುಕೊಳ್ಳಿ. ಯೋಚನೆ ಮಾಡಬೇಡಿ.

ಮಿಲ್ವಾಕಿ ಮನೆ:
ಹಾಗಾದರೆ ಮಿಸರೊವ್ಸ್ಕಿ ಹೊರಗಾ? 15ನೇ ರೌಂಡ್‌ನವನನ್ನು ಬಿಟ್ಟು 6ನೇ ರೌಂಡ್ ಕೊಡುವುದಾ? ಇನ್ನೊಮ್ಮೆ ಲೆಕ್ಕ ಹಾಕಿ ದಯವಿಟ್ಟು.

ಬೆಳಗಿನ ಐದೂವರೆ:
ಯೆಸಾವೇಜ್‌ನನ್ನು ಕೊಡಬೇಡಿ. ಆ ಬೆಳಿಗ್ಗೆ ನಾನು ನೋಡಿದ್ದನ್ನು ನೀವು ನೋಡಿದ್ದರೆ ಕೊಡುತ್ತಿರಲಿಲ್ಲ.

ಸನಿವೇಲ್ ಸಂಜೆ:
ನಾಳೆ ಮಧ್ಯಾಹ್ನದ ತನಕ ಟೈಮ್ ಕೊಟ್ಟಿದ್ದಾರೆ. ಆ ಐದನೇ ಪಂದ್ಯವನ್ನು ಇವತ್ತು ರಾತ್ರಿ ಇನ್ನೊಮ್ಮೆ ಪೂರ್ತಿ ನೋಡುತ್ತೇನೆ.