ಪದಚರ್ಚೆ: ಅಂಗಡಿ ಫಲಕಕ್ಕೆ ‘ಸೌಂಡ್‌ಬಾರ್’, ‘ಸಬ್‌ವೂಫರ್’, ‘5.1 ಚಾನೆಲ್’ (ನಾಳೆ ಬೆಳಿಗ್ಗೆ ಅಚ್ಚಿಗೆ)

ದಾವಣಗೆರೆಯಿಂದ, ಸಂಜೆ 6.10

ಮಾನ್ಯರೇ,

ತುರ್ತಾಗಿ ನಾಲ್ಕು ಪದಗಳು ಬೇಕಾಗಿವೆ. ನಮ್ಮೂರಿನ ಗೃಹೋಪಯೋಗಿ ವಸ್ತುಗಳ ಅಂಗಡಿಯೊಂದಕ್ಕೆ ಒಂದು ಫಲಕವನ್ನೂ ಎರಡು ಪುಟದ ಕರಪತ್ರವನ್ನೂ ಬರೆದುಕೊಡುತ್ತಿದ್ದೇನೆ. ಹೊಸ ಟಿವಿ ತಂದವರು ಹದಿನೈದು ಸಾವಿರ ರೂಪಾಯಿಯೊಳಗೆ ಅದಕ್ಕೆ ಯಾವ ಸ್ಪೀಕರ್ ಜೋಡಿಸಿಕೊಳ್ಳಬೇಕು ಎಂಬುದು ವಿಷಯ. ನಾಳೆ ಹತ್ತು ಗಂಟೆಗೆ ಮುದ್ರಣಾಲಯಕ್ಕೆ ಕೊಡಬೇಕು.

ಮೊದಲನೆಯದು ಸೌಂಡ್‌ಬಾರ್, ಟಿವಿಯ ಕೆಳಗೆ ಇಡುವ ಉದ್ದನೆಯ ಸ್ಪೀಕರ್. ಫಲಕ ಬರೆಯುವವರು ‘ಸೌಂಡ್’ ಮೇಲೆ, ‘ಬಾರ್’ ಕೆಳಗೆ ಬರುವಂತೆ ಮಾದರಿ ತಂದು ತೋರಿಸಿದರು. ರಸ್ತೆ ದಾಟಿ ನಿಂತು ಓದಿದೆ. ಅಲ್ಲಿಂದ ಕಣ್ಣಿಗೆ ಬೀಳುವುದು ‘ಬಾರ್’ ಒಂದೇ. ಎರಡು ಅಂಗಡಿಯಾಚೆ ನಿಜವಾದ ಬಾರ್ ಅಂಡ್ ರೆಸ್ಟೋರೆಂಟ್ ಇದೆ. ಮಾಲೀಕರು ಆಗದು ಎಂದರು, ನನಗೂ ಆಗದು.

ಎರಡನೆಯದು ಸಬ್‌ವೂಫರ್, ಅಂದರೆ ತೀರ ತಗ್ಗಿನ ಸದ್ದಿಗೆಂದೇ ಇರುವ ಸ್ಪೀಕರ್. ಮೂರನೆಯದು ಸರೌಂಡ್, ಅಂದರೆ ಸುತ್ತಲಿಂದಲೂ ಕೇಳಿಸುವ ಸದ್ದು. ನಾಲ್ಕನೆಯದು ಚಾನೆಲ್, ಎಲ್ಲಕ್ಕಿಂತ ಹೆಚ್ಚು ಕಾಡುತ್ತಿರುವುದು ಅದೇ. ಮೊನ್ನೆ ನಾನು ಅಂಗಡಿಯಲ್ಲಿದ್ದಾಗ ಹಿರಿಯರೊಬ್ಬರು ಡಬ್ಬದ ಮೇಲಿನ ‘5.1 ಚಾನೆಲ್’ ಎಂಬುದರ ಮೇಲೆ ಬೆರಳಿಟ್ಟು, “ಇದರಲ್ಲಿ ಐದೇ ಚಾನೆಲ್ ಬರುತ್ತವೆಯೇ? ನಮಗೆ ಚಂದನ ಬರಬೇಕಲ್ಲ” ಎಂದು ಕೇಳಿದರು. ವಿವರಿಸಲು ಅಂಗಡಿಯ ಹುಡುಗನಿಗೆ ಮಾತು ಸಿಗಲಿಲ್ಲ. ನನಗೂ ಸಿಗಲಿಲ್ಲ. ಅವರು ಬಂದದ್ದು ಇಷ್ಟಕ್ಕೆ: ಮನೆಗೆ 43 ಅಂಗುಲದ ಟಿವಿ ಬಂದಿದೆ, ಚಿತ್ರ ಕನ್ನಡಿಯ ಹಾಗಿದೆ, ಆದರೆ ಹೆಂಡತಿಗೆ ಧಾರಾವಾಹಿಯ ಮಾತು ತಿಳಿಯುತ್ತಿಲ್ಲ. ಸದ್ದು ಏರಿಸಿದರೆ ಹಿನ್ನೆಲೆ ಸಂಗೀತವೂ ಕೂಡಿಯೇ ಏರುತ್ತದೆ, ಮಾತು ಅದರಡಿ ಮುಳುಗುತ್ತದೆ. ಕೊನೆಗೆ ಏನನ್ನೂ ಕೊಳ್ಳದೆ ಕೊಡೆ ಬಿಡಿಸಿಕೊಂಡು ಹೊರಟರು. ಅವರು ಓದಿದರೆ ತಿಳಿಯುವಂತಹ ಪದ ಬೇಕು.

ಮೈಸೂರಿನಿಂದ, 6.35

ಧ್ವನಿಪಟ್ಟಿ. ಮಂದ್ರವರ್ಧಕ. ಪರಿವೇಷ್ಟಿತ ಧ್ವನಿ. ವಾಹಿನಿ. ‘ಧ್ವನಿವರ್ಧಕ’ ರೂಢಿಯಲ್ಲಿರುವಾಗ ಇವನ್ನೆಲ್ಲ ಅದರ ಜಾಡಿನಲ್ಲೇ ಕಟ್ಟಬಹುದು. ಹೊಸದಾಗಿ ಹುಡುಕುವಂಥದ್ದು ಏನೂ ಇಲ್ಲ.

ಧಾರವಾಡದಿಂದ, 6.50

ಪ್ರಶ್ನೆಯನ್ನು ಪೂರ್ತಿ ಓದದೆ ಉತ್ತರಿಸಿದ್ದೀರಿ. ಆ ಹಿರಿಯರು ಎಡವಿದ್ದೇ ಟಿವಿ ಚಾನೆಲ್ ಎಂಬ ಅರ್ಥದಲ್ಲಿ. ಸುದ್ದಿವಾಹಿನಿ, ಮನರಂಜನಾ ವಾಹಿನಿ ಎಂದು ಪತ್ರಿಕೆಗಳು ದಿನವೂ ಬರೆಯುತ್ತಿರುವಾಗ ‘5.1 ವಾಹಿನಿ’ ಎಂದರೆ ಅವರು ಮತ್ತೆ ಅಲ್ಲೇ ಎಡವುತ್ತಾರೆ.

‘ಧ್ವನಿಪಟ್ಟಿ’ ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದ ಸೇರಿಸಿ ಕಟ್ಟಿದ್ದು. ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಬೇಡವೆಂದದ್ದು ಇದನ್ನೇ. ಮುಖತಾವರೆ ಅಲ್ಲ, ಮೊಗದಾವರೆ. ದನಿಪಟ್ಟಿ ಎನ್ನಿ.

ಮೈಸೂರಿನಿಂದ, 7.05

ಶ್ರುತಿಪೆಟ್ಟಿಗೆ ಅರಿಸಮಾಸವಲ್ಲವೇ? ಸಂಗೀತಗಾರರ ಮಡಿಲಲ್ಲೇ ಕುಳಿತಿದೆ. ಧ್ವನಿಪೆಟ್ಟಿಗೆ? ಜೀವವಿಜ್ಞಾನದ ಪಾಠದಲ್ಲಿ ಮಕ್ಕಳು ಗಂಟಲಿನ ಚಿತ್ರದ ಪಕ್ಕದಲ್ಲಿ ಬರೆಯುವುದು ಅದನ್ನೇ. ಬಿರುದಾವಳಿಗೂ ಹಿಂದಿನ ಕವಿಗಳ ಪ್ರಯೋಗಕ್ಕೂ ಕೇಶಿರಾಜನೇ ವಿನಾಯಿತಿ ಕೊಟ್ಟಿದ್ದಾನೆ. ಹದಿಮೂರನೆಯ ಶತಮಾನದ ಕಾವ್ಯಭಾಷೆಯ ಸೂತ್ರವನ್ನು ದಾವಣಗೆರೆಯ ಅಂಗಡಿ ಫಲಕಕ್ಕೆ ಹೊರಿಸಬೇಡಿ.

ಬೆಂಗಳೂರಿನಿಂದ, 7.20

ಧ್ವನಿಯೂ ದನಿಯೂ ಸಂಸ್ಕೃತದ ಮನೆಯವೇ. ಅಚ್ಚಗನ್ನಡದಲ್ಲಿ ಸದ್ದು ಇದೆ. ಸದ್ದುಪಟ್ಟಿ.

ಧಾರವಾಡದಿಂದ, 7.24

ಸದ್ದು, ಶಬ್ದದ ತದ್ಭವ. ಪ್ರಾಕೃತದ ಸದ್ದ. ಮುಂದೆ?

ಬೆಂಗಳೂರಿನಿಂದ, 7.48

ಸದ್ದನ್ನು ಬಿಟ್ಟೆ. ಉಲಿ ಇದೆ. ತಮಿಳಿನ ಒಲಿಯ ಒಡಹುಟ್ಟು, ಯಾರಿಂದಲೂ ಎರವಲು ತಂದದ್ದಲ್ಲ. ಬಾನುಲಿಯನ್ನು ನಾಡು ಒಪ್ಪಿತು. ಹಾಗೆಯೇ ಉಲಿಪಟ್ಟಿ, ಸುತ್ತುಲಿ, ತಗ್ಗುಲಿ. ಆಂಡಯ್ಯ ತತ್ಸಮದ ನೆರವಿಲ್ಲದೆ ಇಡೀ ಕಾವ್ಯ ಬರೆದ, ನಮಗೆ ನಾಲ್ಕು ಪದ ಕಟ್ಟಲಾಗದೇ?

ಧಾರವಾಡದಿಂದ, 7.55

ಆಂಡಯ್ಯ ಸಂಸ್ಕೃತ ಪದಗಳನ್ನು ತದ್ಭವ ಮಾಡಿ ಒಳಗೆ ತಂದ. ನೀವು ಈಗಷ್ಟೇ ಹೊರಗೆ ಹಾಕಿದ ‘ದನಿ’ ಅವನ ದಾರಿಯ ಪದ. ಇನ್ನು ‘ಪಟ್ಟಿ’ಯೂ ಪಟ್ಟಿಕೆಯಿಂದ ಬಂದದ್ದು ಎಂಬುದನ್ನು ಮರೆತಿರಿ.

ಶಿರಸಿಯಿಂದ, 8.15

ಎಲ್ಲರೂ ‘ಸೌಂಡ್’ ಹಿಡಿದು ಜಗ್ಗಾಡುತ್ತಿದ್ದೀರಿ. ಬಾರ್ ಕಡೆ ನೋಡಿ. ಕನ್ನಡದಲ್ಲಿ ಬಾರು ಎಂಬ ಪದ ಮೊದಲಿನಿಂದಲೂ ಇದೆ. ಚಪ್ಪಲಿಯ ಬಾರು, ಬಾರುಕೋಲು. ಉದ್ದನೆಯ, ಅಗಲ ಕಡಿಮೆಯ ವಸ್ತುವಿಗೆ ಹೇಳಿ ಮಾಡಿಸಿದ ಪದ. ಇಂಗ್ಲಿಷಿನ ಬಾರ್‌ಗೂ ನಮ್ಮ ಬಾರಿಗೂ ಹಳೆಯ ನಂಟು ಇರಲೇಬೇಕು ಎಂದು ನಾನು ಬಹಳ ವರ್ಷಗಳಿಂದ ನಂಬಿದ್ದೇನೆ. ‘ದನಿಬಾರು’ ಎಂದು ಬರೆಯಿರಿ.

ಮೈಸೂರಿನಿಂದ, 8.19

ನಂಟಿಲ್ಲ. ಅದು ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದದ್ದು, ನಮ್ಮ ಬಾರು ತೊಗಲಿನದು. ಅದಿರಲಿ, ‘ದನಿಬಾರು’ ಎಂದು ಓದಿದವರ ಕಿವಿಗೆ ‘ದನಿ ಬಾರದು’ ಎಂದೇ ಕೇಳಿಸುತ್ತದೆ. ಸ್ಪೀಕರ್ ಮಾರುವ ಅಂಗಡಿಗೆ ಇಂತಹ ಫಲಕ ಬೇಕೇ?

ದಾವಣಗೆರೆಯಿಂದ, 8.40

ಎಲ್ಲರಿಗೂ ವಂದನೆ. ಬಂದ ಪದಗಳನ್ನು ಅಂಗಡಿಯ ಹುಡುಗನಿಗೆ ದೂರವಾಣಿಯಲ್ಲಿ ಓದಿ ಹೇಳಿದೆ. ‘ದನಿಪಟ್ಟಿ’ ಎಂದಾಗ, “ದರಪಟ್ಟಿಯೇ ಮೇಡಂ?” ಎಂದ. ಅಂಗಡಿಯಲ್ಲಿ ಪಟ್ಟಿ ಎಂದರೆ ಅದೇ. ನಾನೇ ‘ಧ್ವನಿದಂಡ’ ಎಂದುಕೊಂಡಿದ್ದೆ. ಅದನ್ನು ಹೇಳಿದಾಗ, “ದಂಡ ಎಂದರೆ ದುಡ್ಡು ದಂಡ ಎಂದುಕೊಳ್ಳುತ್ತಾರೆ” ಎಂದ. ಅವನ ಮಾತು ಸರಿ. ‘ಉಲಿ’ ಅವನಿಗೆ ತಿಳಿಯಲಿಲ್ಲ. ‘ಮಂದ್ರ’ ತಿಳಿಯಲಿಲ್ಲ. ವಸ್ತುವನ್ನು ದಿನವೂ ಜೋಡಿಸುವವರು ಯಾರಾದರೂ ಈ ಬಳಗದಲ್ಲಿದ್ದರೆ ದಯವಿಟ್ಟು ಬರೆಯಿರಿ.

ಮಂಗಳೂರಿನಿಂದ, 9.25

ನಾನು ಭಾಷೆಯ ವಿದ್ವಾಂಸನಲ್ಲ. ಮನೆಗಳಿಗೆ ಸ್ಪೀಕರ್ ಜೋಡಿಸಿಕೊಡುವುದು ನನ್ನ ಕೆಲಸ, ಪದಗಳ ಮೇಲಿನ ಆಸೆಯಿಂದ ಈ ಬಳಗದಲ್ಲಿದ್ದೇನೆ. ಈವರೆಗಿನ ಉತ್ತರಗಳೆಲ್ಲ ವಸ್ತುವಿನ ಆಕಾರಕ್ಕೆ ಹೆಸರಿಡುತ್ತಿವೆ: ಪಟ್ಟಿ, ದಂಡ, ಬಾರು. ಕೊಳ್ಳುವವರಿಗೆ ಆಕಾರ ಡಬ್ಬದ ಮೇಲೇ ಕಾಣುತ್ತದೆ. ಕಾಣದೆ ಇರುವುದು ಅದು ಮಾಡುವ ಕೆಲಸ.

ಈಗಿನ ಟಿವಿ ಬೆರಳ ದಪ್ಪ ಇರುತ್ತದೆ, ಅದರೊಳಗೆ ಸ್ಪೀಕರ್‌ಗೆ ಜಾಗವಿಲ್ಲ. ಬಹಳಷ್ಟು ಟಿವಿಗಳಲ್ಲಿ ಅದು ಕೆಳಕ್ಕೋ ಹಿಂದಕ್ಕೋ ಮುಖಮಾಡಿರುತ್ತದೆ. ಮಾತು ಮೊದಲು ಗೋಡೆಗೆ ಬಡಿದು ಆಮೇಲೆ ಕೇಳುವವರ ಕಿವಿಗೆ ಬರುತ್ತದೆ. ಆ ಹಿರಿಯರ ಮನೆಯ ತೊಂದರೆ ಇದು. ಚಿಕ್ಕದೊಂದು ಸೌಂಡ್‌ಬಾರ್ ಟಿವಿಯ ಕೆಳಗೆ ನೇರ ಮುಖಮಾಡಿ ಕುಳಿತರೆ ಅರ್ಧ ತೊಂದರೆ ಕಳೆಯುತ್ತದೆ.

5.1 ಎಂಬುದು ದಶಮಾಂಶವಲ್ಲ. ಐದೂ ಒಂದೂ. ಎದುರಿಗೆ ಎಡ, ನಡು, ಬಲ, ಕುಳಿತವರ ಎರಡು ಪಕ್ಕಕ್ಕೆ, ತುಸು ಹಿಂದೆ, ಎರಡು, ಇವು ಐದು. ಉಳಿದ ಒಂದು ಗುಡುಗು, ಸ್ಫೋಟಗಳಂತಹ ತೀರ ತಗ್ಗಿನ ಸದ್ದಿಗೆ. ನಮ್ಮ ಕಿವಿ ಸುಮಾರು 20ರಿಂದ 20,000 ಹರ್ಟ್ಸ್‌ವರೆಗೆ ಕೇಳುತ್ತದೆ, ಈ ಒಂದಕ್ಕೆ ಬರುವುದು ಸುಮಾರು 120 ಹರ್ಟ್ಸ್‌ನ ಕೆಳಗಿನದು ಮಾತ್ರ. ಅದಕ್ಕೇ ಅದನ್ನು ಪೂರ್ತಿ ಒಂದು ಎಂದು ಎಣಿಸದೆ ಚುಕ್ಕಿಯ ಆಚೆ ಇಟ್ಟರು. ಸಿನಿಮಾದ ಮಾತು ಬಹುಮಟ್ಟಿಗೆ ನಡುವಿನದರಲ್ಲೇ ಬರುತ್ತದೆ. ಹೀಗಾಗಿ ನಾನು ಗಿರಾಕಿಗಳಿಗೆ ‘ಸೆಂಟರ್ ಚಾನೆಲ್’ ಎನ್ನುವುದಿಲ್ಲ, ‘ಮಾತಿನ ಸ್ಪೀಕರ್’ ಎನ್ನುತ್ತೇನೆ. ಯಾರೂ ಎರಡನೆಯ ಸಲ ಕೇಳಿದ್ದಿಲ್ಲ.

ಕರಪತ್ರದಲ್ಲಿ ಇಷ್ಟು ಇರಲಿ. ಮಾತು ಕೇಳಿಸುವುದೇ ಮುಖ್ಯವಾದರೆ 2.1ಕ್ಕಿಂತ ಮಾತಿನ ಸ್ಪೀಕರ್ ಬೇರೆಯಾಗಿರುವ 3.1 ಲೇಸು. ಹತ್ತು ಹನ್ನೆರಡು ಅಡಿಯ ಹಜಾರದಲ್ಲಿ, ಸೋಫಾ ಹಿಂದಿನ ಗೋಡೆಗೆ ತಗುಲಿಕೊಂಡೇ ಇದ್ದರೆ, ಹಿಂದಿನ ಎರಡು ಸ್ಪೀಕರ್ ಇಡಲು ಜಾಗವೇ ಇಲ್ಲ, ಅಲ್ಲಿ 5.1 ಕೊಂಡವರು ಆ ಎರಡನ್ನೂ ಟಿವಿಯ ಪಕ್ಕದಲ್ಲೇ ಇಟ್ಟದ್ದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ, ಕಂಡಾಗಲೆಲ್ಲ ಅವರ ದುಡ್ಡಿಗಾಗಿ ಮನಸ್ಸು ನೊಂದಿದೆ. ಸಬ್‌ವೂಫರನ್ನು ಮೂಲೆಯ ಹತ್ತಿರ ಇಟ್ಟರೂ ನಡೆಯುತ್ತದೆ. 80 ಹರ್ಟ್ಸ್‌ಗಿಂತ ಕೆಳಗಿನ ಸದ್ದು ಯಾವ ದಿಕ್ಕಿನಿಂದ ಬಂತೆಂದು ಕಿವಿಗೆ ಗುರುತು ಸಿಗುವುದು ಕಷ್ಟ. ಮೂಲೆಯಲ್ಲಿ ಗುಮ್ಮೆನ್ನುವುದು ಹೆಚ್ಚು, ಅತಿಯಾದರೆ ಒಂದಡಿ ಈಚೆಗೆ ಎಳೆಯಿರಿ. ಡಬ್ಬದ ಮೇಲೆ ಸಾವಿರಾರು ವಾಟ್ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿ) ಎಂದಿದ್ದರೆ ಅದನ್ನು ಲೆಕ್ಕಕ್ಕೇ ಇಡಬೇಡಿ, ಆರ್‌ಎಂಎಸ್ (ಸತತವಾಗಿ ಕೊಡಬಲ್ಲ ಶಕ್ತಿ) ಎಷ್ಟೆಂದು ಕೇಳಿ. ಟಿವಿಯ ಹಿಂದೆ ಎಚ್‌ಡಿಎಂಐ ತೂತುಗಳಲ್ಲಿ ಒಂದರ ಪಕ್ಕ ‘ಎಆರ್‌ಸಿ’ ಎಂದು ಬರೆದಿರುತ್ತದೆ. ಟಿವಿಯ ಸದ್ದು ಸ್ಪೀಕರಿಗೆ ಹೋಗುವ ದಾರಿ ಅದು, ಸೌಂಡ್‌ಬಾರಿನ ತಂತಿ ಅದಕ್ಕೇ ಹೋಗಬೇಕು. ಈ ಸೌಲಭ್ಯ 2009ರ ಎಚ್‌ಡಿಎಂಐ 1.4ರಿಂದ ಇದೆ. ಅದರಲ್ಲಿ ಸಾಮಾನ್ಯವಾಗಿ ಟಿವಿಯ ರಿಮೋಟ್ ಒಂದರಿಂದಲೇ ಸದ್ದು ಏರಿಸಬಹುದು, ಇಳಿಸಬಹುದು. ಆಪ್ಟಿಕಲ್ ತಂತಿ ಆ ಆಜ್ಞೆಯನ್ನು ಒಯ್ಯುವುದಿಲ್ಲ, ವಯಸ್ಸಾದವರ ಕೈಗೆ ಎರಡು ರಿಮೋಟ್ ಬೀಳುತ್ತವೆ.

ಪದದ ಬಗ್ಗೆ ಒಂದೇ ಮಾತು. ವೂಫರ್ ಎಂಬ ಹೆಸರು ನಾಯಿಯ ದಪ್ಪ ಬೊಗಳಿನಿಂದ ಬಂದದ್ದು, ಟ್ವೀಟರ್ ಹಕ್ಕಿಯ ಚಿಲಿಪಿಲಿಯಿಂದ. ಇಂಗ್ಲಿಷಿನವರೇ ಅನುಕರಣದಿಂದ ಹೆಸರಿಟ್ಟಿರುವಾಗ, ಅನುಕರಣ ಪದಗಳ ಕಣಜವನ್ನೇ ಇಟ್ಟುಕೊಂಡ ನಾವು ಮಂದ್ರ, ವರ್ಧಕ ಎಂದು ಏಕೆ ಅಲೆಯಬೇಕು? ಗುಡುಗು ಇದೆ.

ಮೈಸೂರಿನಿಂದ, 9.50

ವಿವರಗಳಿಗೆ ಕೃತಜ್ಞ. ಆದರೆ ‘ಮಾತಿನ ಸ್ಪೀಕರ್’ನಲ್ಲಿ ಸ್ಪೀಕರ್ ಹಾಗೇ ಉಳಿಯಿತಲ್ಲ. ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕೆಂದು ಕಾನೂನು ಮಾಡಿಕೊಂಡಿದ್ದೇವೆ. ಇಂಗ್ಲಿಷ್ ಪದವನ್ನು ಕನ್ನಡ ಅಕ್ಷರಗಳಲ್ಲಿ ಬರೆದು ಆ 60ನ್ನು ತುಂಬಿಸುವುದಾದರೆ ಕಾನೂನು ಯಾರಿಗಾಗಿ? ನಮ್ಮ ಊರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ನಡೆಸಿದರು. ಅದಕ್ಕೆ ಆಕಾಶವಾಣಿ ಎಂಬ ಹೆಸರಾಯಿತು, ಮುಂದೆ ಇಡೀ ದೇಶದ ಬಾನುಲಿಗೆ ಅದೇ ನಿಂತಿತು. ಧೈರ್ಯ ಮಾಡಿದರೆ ಪದ ನಿಲ್ಲುತ್ತದೆ. ನಾವು ಧೈರ್ಯ ಮಾಡುತ್ತಿಲ್ಲ ಎಂಬುದೇ ನನ್ನ ಸಂಕಟ.

ಧಾರವಾಡದಿಂದ, 10.10

ಆಕಾಶವಾಣಿ ನಿಂತದ್ದು ಸಂಸ್ಥೆಯ ಹೆಸರಾಗಿ. ಅದನ್ನು ಕೇಳಿಸುವ ಪೆಟ್ಟಿಗೆ ಅಂದೂ ರೇಡಿಯೊ, ಇಂದೂ ರೇಡಿಯೊ. ದೂರದರ್ಶನವೂ ಹಾಗೇ, ಪೆಟ್ಟಿಗೆ ಟಿವಿ. 1934ರಲ್ಲಿ ಸತಿ ಸುಲೋಚನ ತೆರೆಗೆ ಬಂದಾಗ ವಿದ್ವಾಂಸರಿಗೆ ಅದು ವಾಕ್ಚಿತ್ರ, ಜನ ಹೋದದ್ದು ಟಾಕೀಸಿಗೆ. ಉಕಾರ ಹಚ್ಚಿ, ವಿಭಕ್ತಿ ಹಚ್ಚಿ ಅದನ್ನು ಮನೆಮಾತು ಮಾಡಿಕೊಂಡರು. ದುಡ್ಡು ಕೊಟ್ಟು ಮನೆಗೆ ತರುವ ವಸ್ತು ಅಂಗಡಿಯಲ್ಲಿ ಕರೆದ ಹೆಸರಿನಿಂದಲೇ ಮನೆಗೆ ಬರುತ್ತದೆ. ಈ ಕರಪತ್ರ ಅಚ್ಚಾಗುವ ಕಾಗದವೂ ಅದನ್ನು ಓದುವವರು ಕೂರುವ ಕುರ್ಚಿಯೂ ಪಾರಸಿ, ಅರಬಿಗಳ ಕಡೆಯವು. ಯಾರಿಗೆ ನಾಚಿಕೆಯಾಗಿದೆ?

ಬೆಂಗಳೂರಿನಿಂದ, 10.16

ಕಾಗದವೂ ಕುರ್ಚಿಯೂ ಕನ್ನಡವಾಗಲು ನೂರಾರು ವರ್ಷ ಹಿಡಿಯಿತು. ಈಗ ದಿನಕ್ಕೆ ಹತ್ತು ಪದ ಬರುತ್ತಿವೆ, ಅವುಗಳಿಗೆ ಉಕಾರವನ್ನೂ ಹಚ್ಚುತ್ತಿಲ್ಲ. ಎರವಲಿಗೆ ನನ್ನ ತಕರಾರಿಲ್ಲ. ಕಟ್ಟುವ ಕಸುಬನ್ನೇ ಮರೆಯುತ್ತಿದ್ದೇವೆ, ಅದು ನೋವು. ನನ್ನ ಮಕ್ಕಳಿಗೆ ಬಾನುಲಿ ಎಂದರೆ ಏನೆಂದು ಗೊತ್ತಿಲ್ಲ.

ಧಾರವಾಡದಿಂದ, 10.31

ಅದನ್ನು ಒಪ್ಪುತ್ತೇನೆ. ಹಾಗಾದರೆ ಕಸುಬಿನಿಂದಲೇ ಹೇಳುತ್ತೇನೆ. ಮಂಗಳೂರಿನವರು ‘ಮಾತಿನ’ ಎಂದು ಷಷ್ಠಿ ಉಳಿಸಿಕೊಂಡಿದ್ದಾರೆ, ಗಮನಿಸಿ. ವಿಭಕ್ತಿ ಲೋಪವಾಗದೆ ಸಮಾಸವಿಲ್ಲ, ಸಮಾಸವಿಲ್ಲದಿದ್ದರೆ ಅರಿಸಮಾಸದ ಜಗಳವೂ ಇಲ್ಲ. ‘ಗುಡುಗಿನ ಪೆಟ್ಟಿಗೆ’ ಎನ್ನಿ. ಮೊದಲ ಸಲ ಓದುವವರಿಗೂ ಬಿಡಿಸಿಕೊಂಡೇ ಸಿಗುತ್ತದೆ. ಚಾನೆಲ್‌ಗೆ ‘ಕವಲು’ ಇರಲಿ: ಒಂದೇ ಸದ್ದು ಕವಲೊಡೆದು ಬೇರೆ ಬೇರೆ ಸ್ಪೀಕರಿಗೆ ಹೋಗುತ್ತದೆ.

ಶಿರಸಿಯಿಂದ, 10.40

ಬಾರು ಸಂಬಂಧ ಇನ್ನೊಮ್ಮೆ ವಿವರವಾಗಿ ಬರೆಯುತ್ತೇನೆ. ‘ಗುಡುಗಿನ ಪೆಟ್ಟಿಗೆ’ ಚೆನ್ನಾಗಿದೆ.

ದಾವಣಗೆರೆಯಿಂದ, ಮರುದಿನ ಬೆಳಿಗ್ಗೆ 9.35

ಕಳುಹಿಸಿಬಿಟ್ಟೆ. ಫಲಕದಲ್ಲಿ ‘ಟಿವಿಗೆ ಸ್ಪೀಕರ್‌ಗಳು’ ಎಂದಷ್ಟೇ ಇದೆ. ಬಾರ್ ಎಲ್ಲಿಯೂ ಇಲ್ಲ. ಮೈಸೂರಿನ ಹಿರಿಯರು ಕ್ಷಮಿಸಬೇಕು, ಸ್ಪೀಕರ್ ಬಿಡಲಾಗಲಿಲ್ಲ. ಧ್ವನಿವರ್ಧಕ ಎಂದರೆ ಆ ಹುಡುಗನಿಗೆ ಜಾತ್ರೆಯ ಮೈಕ್ ಸೆಟ್ ನೆನಪಾಯಿತು. ಕರಪತ್ರದಲ್ಲಿ ಸೌಂಡ್‌ಬಾರ್ ಒಂದೇ ಪದವಾಗಿ ಬಂದಿದೆ. ಮೊದಲ ಪುಟದ ಸಾಲುಗಳು ಹೀಗಿವೆ:

“ಟಿವಿಯಲ್ಲಿ ಮಾತು ಸರಿಯಾಗಿ ಕೇಳಿಸುತ್ತಿಲ್ಲವೇ? ಮಾತಿನ ಸ್ಪೀಕರ್ ಬೇರೆಯಾಗಿ ಇರುವ ಸೌಂಡ್‌ಬಾರ್ ಕೇಳಿ ಪಡೆಯಿರಿ. ಡಬ್ಬದ ಮೇಲಿನ 3.1 ಎಂದರೆ ಮೂರು ಕವಲು ಮತ್ತು ಒಂದು ಗುಡುಗಿನ ಪೆಟ್ಟಿಗೆ (ಸಬ್‌ವೂಫರ್). ಇದಕ್ಕೂ ಟಿವಿಯ ಚಾನೆಲ್‌ಗಳಿಗೂ ಸಂಬಂಧವಿಲ್ಲ. ಈಗ ಬರುವ ಚಾನೆಲ್‌ಗಳೆಲ್ಲ ಬರುತ್ತವೆ. ಹಿಂದೆ ಎರಡು ಸ್ಪೀಕರ್‌ಗಳನ್ನು ಇಡಲು ಜಾಗವಿದ್ದರೆ ಮಾತ್ರ 5.1 ನೋಡಿ.”

ಸರೌಂಡ್‌ಗೆ ‘ಸುತ್ತಲಿನ ಸದ್ದು’ ಎಂದು ಬರೆದೆ. ಮುದ್ರಣಾಲಯದಲ್ಲಿ ಅಕ್ಷರ ಜೋಡಿಸುವವರು ಓದಿ, “ನಮ್ಮ ಮನೆಗೂ ಇದೇ ಬೇಕಾಗಿತ್ತು, ಎಷ್ಟಾಗುತ್ತದೆ?” ಎಂದು ವಿಚಾರಿಸಿದರು.

ಧಾರವಾಡದಿಂದ, 9.41

‘ಎರಡು ಸ್ಪೀಕರ್‌ಗಳನ್ನು’ ಎಂದು ಬರೆದಿದ್ದೀರಿ. ಸಂಖ್ಯೆ ಮುಂದಿರುವಾಗ ‘ಗಳು’ ಬೇಕಿಲ್ಲ, ಎರಡು ಸ್ಪೀಕರ್ ಸಾಕು. ಹತ್ತು ಗಂಟೆಗೆ ಇನ್ನೂ ಹೊತ್ತಿದೆ, ಈಗಲೇ ಕರೆ ಮಾಡಿ ತಿದ್ದಿಸಿ.