ಕಡಿದ ಲಂಟಾನ ಮತ್ತೆ ಚಿಗುರಿದೆ, ಜೊತೆಗೆ ಕವಳಿ ಕಂಟಿಯನ್ನೂ ಕಡಿದುಬಿಟ್ಟಿದ್ದೇವೆ. ಏನು ಮಾಡೋಣ?

ಮೆಡಿಕಲ್ ಅಂಗಡಿ ಅಕ್ಕ, ಧಾರವಾಡ

ನಮಸ್ಕಾರ ರೀ. ಧಾರವಾಡದಿಂದ ಕಲಘಟಗಿ ಕಡೆ ಹೋಗುವಾಗ ಒಂದು ಕುರುಚಲು ಕಾಡಿನ ಕಾಲುದಾರಿ ಸಿಗುತ್ತದೆ. ಸರಿಯಾಗಿ ಎಲ್ಲಿ ಅಂತ ಹೇಳೋದಿಲ್ಲ, ಮುಂದೆ ಓದಿದರೆ ಯಾಕೆ ಅಂತ ಗೊತ್ತಾಗುತ್ತದೆ. ನಾವು ಐದು ಜನ ಭಾನುವಾರ ಅಲ್ಲಿ ವಾಕಿಂಗ್ ಹೋಗುತ್ತೇವೆ. ಆರು ವರ್ಷದ ಹಿಂದೆ ಇಬ್ಬರು ಜೋಡಿಯಾಗಿ ಮಾತಾಡುತ್ತ ನಡೆಯಬಹುದಿತ್ತು. ಈಗ ಒಬ್ಬರ ಹಿಂದೆ ಒಬ್ಬರು, ಅದೂ ದುಪ್ಪಟ್ಟಾ ಸೊಂಟಕ್ಕೆ ಸುತ್ತಿಕೊಂಡು. ಎರಡೂ ಕಡೆ ಲಂಟಾನ, ಅದೇ ಮುಳ್ಳಿನ ಕಳೆ ಪೊದೆ.

ನಾವೇ ಕಡಿಯೋಣ ಅಂತ ಏಪ್ರಿಲ್ ಕೊನೆಗೆ ಶುರು ಮಾಡಿದೆವು. ಬಿಟ್ಟು ಬಿಟ್ಟು ಮೂರು ಭಾನುವಾರ. ಕೊನೆಯದು ಮೊದಲ ಮಳೆ ಬಿದ್ದ ಮೇಲೆ. ಎರಡು ಕುಡುಗೋಲು, ಒಂದು ಕೊಡಲಿ. ಎಲ್ಲಿ ತೀರ ದಟ್ಟವಾಗಿತ್ತೋ ಅಲ್ಲೇ ಕೈ ಹಾಕಿದೆವು. ನೂರು ಹೆಜ್ಜೆ ದಾರಿ ಬಯಲಾಯಿತು. ಫೋಟೋ ತೆಗೆದು ಸ್ಟೇಟಸ್ ಹಾಕಿ, ಮಿರ್ಚಿ-ಮಂಡಕ್ಕಿ ತಿಂದು ಮನೆಗೆ ಬಂದೆವು.

ಮೊನ್ನೆ ಹೋಗಿ ನೋಡಿದರೆ ಒಂದೇ ಬೊಡ್ಡೆಗೆ ಹದಿನಾಲ್ಕು ಚಿಗುರು. ಕೂತು ಎಣಿಸಿದ್ದೇನೆ. ಮೊದಲು ಅದರಲ್ಲಿ ಇದ್ದದ್ದು ನಾಲ್ಕೇ ಕೊಂಬೆ. ಪಕ್ಕಕ್ಕೆ ಒಟ್ಟಿದ್ದ ರಾಶಿಯನ್ನು ಎತ್ತಿದರೆ ತಳದ ಕಡ್ಡಿಗಳು ನೆಲಕ್ಕೆ ಬೇರು ಬಿಟ್ಟಿವೆ!

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಎರಡನೇ ಭಾನುವಾರ ಬುಟ್ಟಿ ಹೊತ್ತುಕೊಂಡು ಒಬ್ಬರು ಅಜ್ಜಿ ಬಂದರು. ನಮ್ಮ ರಾಶಿಯ ಮುಂದೆ ನಿಂತು ಒಂದು ಕೊಂಬೆ ಎಳೆದು ಮುರಿದರು. ಮುರಿದ ಕಡೆ ಬಿಳಿ ಹಾಲು ಒಸರಿತು. "ಇದರಾಗ ಹಾಲು ಬರತೈತಿ, ಅದರಾಗ ಬರತೈತೇನವಾ? ಮುಳ್ಳು ಕಂಡ ಕೂಡ್ಲೆ ಕೊಡ್ಲಿ ಹಾಕೋದೇನು?" ಅದು ಕವಳಿ ಕಂಟಿ. ಲಂಟಾನದ ಪೊದೆಯೊಳಗೆ ಸೇರಿಕೊಂಡಿತ್ತು, ನಮಗೆ ಗೊತ್ತೇ ಆಗಲಿಲ್ಲ. ಅಂಥ ನಾಲ್ಕು ಕಂಟಿ ಕಡಿದಿದ್ದೆವು, ಎಲ್ಲದರಲ್ಲೂ ಕಾಯಿ ಹಿಡಿದಿತ್ತು. ಹದಿನೈದು ದಿನ ತಡೆದಿದ್ದರೆ ಅಜ್ಜಿ ಅದೇ ಹಣ್ಣು ಬುಟ್ಟಿಯಲ್ಲಿಟ್ಟು ನಮ್ಮ ಓಣಿಗೇ ಮಾರಲು ತರುತ್ತಿದ್ದರು. ನಾನೇ ಚೌಕಾಸಿ ಮಾಡಿ ಕೊಳ್ಳುತ್ತಿದ್ದೆ.

ಈಗ ಹೇಳಿ. ಬೇರುಸಮೇತ ತೆಗೆಯುವುದು ಹೇಗೆ? ಯಾರನ್ನು ಕೇಳಬೇಕು? ಈ ರಾಶಿಯನ್ನು ಎಲ್ಲಿ ಹಾಕಬೇಕು?

ಮುಂಡರಗಿ ಹುಡುಗ

ಅಕ್ಕಾರ, ಬೈತೀನಿ ಅಂತ ತಿಳೀಬೇಡಿ, ಆದರೆ ಅನುಮತಿ ಮೊದಲು, ಕೊಡಲಿ ಆಮೇಲೆ. ಅದು ಮೀಸಲು ಅರಣ್ಯವಾಗಿದ್ದರೆ ಕಳೆ ಅಂತ ಕಡಿದರೂ ಕೇಸ್ ಆಗಬಹುದು. 1963ರ ಕರ್ನಾಟಕ ಅರಣ್ಯ ಕಾಯ್ದೆ ಇದೆ. ನಮ್ಮ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿ ಧಾಮ ಆದ ಮೇಲೆ ಇನ್ನೂ ಬಿಗಿ.

ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ) ಆಫೀಸಿಗೆ ಒಂದು ಪುಟದ ಅರ್ಜಿ ಕೊಡಿ. ಯಾವ ದಾರಿ, ಯಾವ ಗಿಡ, ಎಷ್ಟು ಜನ, ಯಾವ ದಿನ, ಅಷ್ಟು ಸಾಕು. ಜೊತೆಗೆ ಒಬ್ಬ ಗಾರ್ಡ್ ಕಳಿಸಿ ಅಂತ ಬರೆಯಿರಿ. ಕಾವಲಿಗಲ್ಲ, ಗಿಡ ಗುರುತಿಸಲಿಕ್ಕೆ.

ಹಾನಗಲ್ ಮಾವ

ತಂಗೀ, ನಮ್ಮ ಹೊಲದ ಬದುವಿನ ಲಂಟಾನ ತೆಗೆಯಲು ನನಗೆ ಮೂರು ವರ್ಷ ಹಿಡಿಯಿತು. ಮೊದಲ ವರ್ಷ ನಾನೂ ನಿಮ್ಮ ಹಾಗೇ ಕುಡುಗೋಲು ಹಿಡಿದವನೇ. ಮೇಲೆ ಕಡಿದಷ್ಟೂ ಅದಕ್ಕೆ ಹುರುಪು ಜಾಸ್ತಿ. ಬೆಂಕಿ ಹಚ್ಚಿದರೂ ಅಷ್ಟೇ, ಬುಡದಿಂದ ಮತ್ತೆ ಏಳುತ್ತದೆ.

ಚಿಗುರು ಒಡೆಯುವುದು ಕಾಂಡ ಮತ್ತು ಬೇರು ಕೂಡುವ ಗಂಟಿನಿಂದ. ಆ ಗಂಟು ಮಣ್ಣಿನ ಮಟ್ಟದಲ್ಲಿ, ಸ್ವಲ್ಪ ಕೆಳಗೆ ಇರುತ್ತದೆ. ಅದಕ್ಕೇ ಕುಡುಗೋಲಿನಿಂದ ಆಗದ ಕೆಲಸ ಇದು. ಬುಡದ ಸುತ್ತ ಮಣ್ಣು ಬಿಡಿಸಿ, ಆ ಗಂಟಿಗಿಂತ ಕೆಳಗೆ ತಾಯಿಬೇರಿಗೆ ಪಿಕಾಸಿಯ ಏಟು ಹಾಕಿ. ಗಿಡ ಪೂರ್ತಿ ಎತ್ತಿ, ತಲೆ ಕೆಳಗೆ, ಬೇರು ಮೇಲೆ ಬರುವಂತೆ ನಿಲ್ಲಿಸಿ. ಬೇರು ಬಿಸಿಲಿಗೆ ಒಣಗಿ ಸಾಯುತ್ತದೆ. ಇದನ್ನು ಕಂಡುಹಿಡಿದವನು ನಾನಲ್ಲ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ. ಆರ್. ಬಾಬು ಅವರ ತಂಡದ ಪದ್ಧತಿ. ನನಗೆ ಗೊತ್ತಾಗಿದ್ದು ಸೊಂಟ ಹಿಡಿದ ಮೇಲೆ.

ನೆಲ ಹಸಿ ಇದ್ದಾಗ ಮಾಡಿ. ನಮ್ಮ ಕಡೆ ಜುಲೈ, ಆಗಸ್ಟ್. ಗೇಣುದ್ದದ ಸಸಿ ಆಗ ಕೈಯಲ್ಲೇ ಕಿತ್ತು ಬರುತ್ತದೆ. ಬೇಸಿಗೆಯಲ್ಲಿ ಅದೇ ಸಸಿ ಪಟ್ ಅಂತ ಮುರಿದು ಬೇರು ಅಲ್ಲೇ ಉಳಿಯುತ್ತದೆ.

ದಟ್ಟ ಇದ್ದಲ್ಲಿ ಶುರು ಮಾಡಿದ್ದು ತಪ್ಪು. ಎಲ್ಲಿ ಊರ ಗಿಡ ಇನ್ನೂ ಚೆನ್ನಾಗಿವೆಯೋ, ನಡುವೆ ಒಂದೆರಡು ಲಂಟಾನ ಹೊಕ್ಕಿದೆಯೋ, ಆ ಕಡೆಯಿಂದ ಹೊರಡಿ. ಅಲ್ಲಿ ಒಂದು ಕಿತ್ತರೆ ಆ ಜಾಗಕ್ಕೆ ಹುಲ್ಲೋ ಕವಳಿಯೋ ತಾನೇ ಬರುತ್ತದೆ. ದಟ್ಟ ಇದ್ದಲ್ಲಿ ಬಯಲು ಮಾಡಿದರೆ ಬಿಸಿಲು ಬಿದ್ದು ಲಂಟಾನದ ಬೀಜವೇ ಏಳುತ್ತದೆ, ಇಲ್ಲ ಕಾಂಗ್ರೆಸ್ ಕಸ ಬಂದು ಕೂರುತ್ತದೆ. ಇಳಿಜಾರಿದ್ದರೆ ಮಣ್ಣೂ ಹರಿದು ಹೋಗುತ್ತದೆ. ಕೊಡಲಿ ಎತ್ತುವ ಮೊದಲು ಪೊದೆಯೊಳಗೆ ಬಗ್ಗಿ ನೋಡಿ. ಪಿಕಳಾರ ಗೂಡು ಕಟ್ಟಿದ್ದರೆ ಆ ಪೊದೆ ಬಿಟ್ಟುಬಿಡಿ. ಹಣ್ಣು ತಿಂದು ಬೀಜ ಹರಡೋದೂ ಅದೇ, ಆದರೆ ಮರಿಗಳೇನು ಮಾಡಿದಾವು?

ಹುಬ್ಬಳ್ಳಿ ಸೈಕಲ್

ಇಷ್ಟೆಲ್ಲ ಯಾಕೆ ರೀ? ಸುಮ್ನೆ ಒಂದು ಕ್ಯಾನ್ ಕಳೆ ಔಷಧಿ ಹೊಡೆದರೆ ಮುಗೀತು.

ಮೆಡಿಕಲ್ ಅಂಗಡಿ ಅಕ್ಕ

ಅಲ್ಲಿ ದನ ಮೇಯುತ್ತವೆ, ಕೆಳಗೆ ಹಳ್ಳ ಇದೆ. ಔಷಧಿಗೆ ಕವಳಿ ಯಾವುದು, ಲಂಟಾನ ಯಾವುದು ಅಂತ ಗೊತ್ತಾಗುತ್ತದಾ? ನಮಗೇ ಗೊತ್ತಾಗಲಿಲ್ಲ.

ಮುಂಡರಗಿ ಹುಡುಗ

ಗುರುತು ಸುಲಭ ಇದೆ ಅಕ್ಕಾರ. ಲಂಟಾನದ ಎಳೆ ಕಾಂಡ ಬೆರಳಲ್ಲಿ ಹೊರಳಿಸಿದರೆ ಚೌಕ, ಎಲೆ ತಿಕ್ಕಿದರೆ ಘಾಟು ವಾಸನೆ. ಕವಳಿ ಎಲೆ ನುಣುಪು, ಮುಳ್ಳು ಉದ್ದ, ಮುರಿದರೆ ಹಾಲು. ಅಜ್ಜಿ ಹೇಳಿದ್ದೇ ಪಾಠ.

ರಾಶಿಯ ಬಗ್ಗೆ: ನೆಲಕ್ಕೆ ತಾಗದಂತೆ ಬಂಡೆ ಮೇಲೆ ಒಣಗಿಸಿ. ಎಲೆ ದನಕ್ಕೆ ವಿಷ, ಮೇವಿನ ಹತ್ತಿರ ಹಾಕಬೇಡಿ. ಮಲೆ ಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಇದೇ ಕಡ್ಡಿಯಿಂದ ಕುರ್ಚಿ, ಬುಟ್ಟಿ ಮಾಡುತ್ತಾರೆ. ಐದು ಜನ ವಾಕಿಂಗ್‌ನವರು ಕುರ್ಚಿ ಮಾಡ್ತೀರಿ ಅಂತ ನನಗೆ ನಂಬಿಕೆ ಇಲ್ಲ, ಸುಮ್ನೆ ಹೇಳಿದೆ.

ಮೆಡಿಕಲ್ ಅಂಗಡಿ ಅಕ್ಕ

ಅರ್ಜಿ ಕೊಟ್ಟು ಬಂದೆ. "ಈಗಾಗಲೇ ಏನಾದರೂ ಕಡಿದಿದ್ದೀರಾ?" ಅಂತ ಕೇಳಿದರು. ಹೌದು ಅಂದೆ. ಕೇಸ್ ಹಾಕಲಿಲ್ಲ, ಆದರೆ ಹತ್ತು ನಿಮಿಷ ನಿಲ್ಲಿಸಿ ಬುದ್ಧಿ ಹೇಳಿದರು. ಬರುವ ಭಾನುವಾರ ಗಾರ್ಡ್ ಬರುತ್ತಾರಂತೆ.

ಅಜ್ಜಿಯ ಮನೆಯನ್ನೂ ಹುಡುಕಿಕೊಂಡು ಹೋಗಿದ್ದೆ. ನಮ್ಮ ಜೊತೆ ಬಂದು ಗಿಡ ತೋರಿಸ್ತೀರಾ ಅಂದರೆ "ಬರತೀನಿ, ಪಗಾರ ಎಷ್ಟು?" ಅಂದರು. ಸರಿಯಾಗೇ ಕೇಳಿದರು ಅಲ್ವಾ? ಅರ್ಧ ದಿನದ ಕೂಲಿ ಐದು ಜನ ಹಂಚಿಕೊಂಡು ಕೊಡುತ್ತೇವೆ. ಕವಳಿ ಕಂಟಿಗೆಲ್ಲ ಕೆಂಪು ದಾರ ಕಟ್ಟುತ್ತಾರಂತೆ, ಆಮೇಲೇ ನಮ್ಮ ಕೆಲಸ. ಕಡಿದ ನಾಲ್ಕರಲ್ಲಿ ಎರಡು ಬುಡದಿಂದ ಚಿಗುರಿವೆ, ಅದನ್ನೂ ಅವರೇ ತೋರಿಸಿದರು.

ಈಗ ಸಮಸ್ಯೆ ಒಂದೇ. ಐದು ಜನಕ್ಕೆ ಒಂದೂ ಪಿಕಾಸಿ ಇಲ್ಲ. ಧಾರವಾಡದಲ್ಲಿ ಯಾರ ಹತ್ತಿರವಾದರೂ ಇದೆಯಾ?

ಹುಬ್ಬಳ್ಳಿ ಸೈಕಲ್

ನಮ್ಮ ಅಪ್ಪಂದು ಒಂದಿದೆ. ಹಿಡಿಕೆ ಅಲ್ಲಾಡುತ್ತದೆ, ಬೆಣೆ ಬಡಿದು ತರುತ್ತೇನೆ. ಭಾನುವಾರ ಎಷ್ಟೊತ್ತಿಗೆ?