ಪೀಠಿಕೆಯ ಬೋರ್ಡು: ದಿನಾಂಕ ಯಾವುದು, ಬಲ ಎಷ್ಟು?

ಪ್ರಶ್ನೆ: ಶಾಲೆಗೆ ಸಂವಿಧಾನ ಪೀಠಿಕೆಯ ಬೋರ್ಡು ಬರೆಸ್ತಿದ್ದೇವೆ. ಅದರಲ್ಲಿ 1949ರ ನವೆಂಬರ್ 26 ಅಂತಿದೆ, ಜನವರಿ 26 ಆಗಬೇಕಲ್ವಾ? ಮತ್ತೆ ಇದಕ್ಕೆ ಕಾನೂನಿನ ಬಲ ಇದೆಯಾ, ಬರೀ ಓದೋಕಾ?

ಉತ್ತರ 1: ದಿನಾಂಕ ಮುಟ್ಟಬೇಡಿ ಸರ್. ಅಂಗೀಕಾರವಾದದ್ದು ಅಂದೇ, ಪೂರ್ತಿ ಜಾರಿ 1950ರ ಜನವರಿ 26ಕ್ಕೆ. ಮೂಲಪ್ರತಿಯ ಫೋಟೊ ನೋಡಿ ಬರೆಸಿದರೆ ಸಮಾಜವಾದಿ, ಜಾತ್ಯತೀತ, ಅಖಂಡತೆ ಬಿಟ್ಟುಹೋಗುತ್ತವೆ. ಅವು 1976ರ 42ನೇ ತಿದ್ದುಪಡಿಯಲ್ಲಿ ಸೇರಿದವು. ಪೇಂಟರ್‌ಗೆ ಈಗಿನ ಮುದ್ರಿತ ಪ್ರತಿಯನ್ನೇ ಕೊಡಿ.

ಉತ್ತರ 2: ಪೀಠಿಕೆಯೊಂದನ್ನೇ ಹಿಡಿದು ಹೈಕೋರ್ಟು, ಸುಪ್ರೀಂ ಕೋರ್ಟಿಗೆ ರಿಟ್ ಅರ್ಜಿ ಹಾಕಿದರೆ ನಿಲ್ಲೋದಿಲ್ಲ, ಸಮಾನತೆಯ 14, ಜೀವ-ಸ್ವಾತಂತ್ರ್ಯದ 21ರಂಥ ಹಕ್ಕಿನ ವಿಧಿ ಬೇಕು. ಹಾಗಂತ ಅಲಂಕಾರವೂ ಅಲ್ಲ. ಪೀಠಿಕೆ ಸಂವಿಧಾನದ ಭಾಗವಲ್ಲ ಎಂದಿದ್ದ ಸುಪ್ರೀಂ ಕೋರ್ಟಿನ 1960ರ ಬೇರುಬಾರಿ ಅಭಿಪ್ರಾಯ ಬದಿಗೆ ಸರಿದು, ಅದೇ ಕೋರ್ಟಿನ 1973ರ ಕೇಶವಾನಂದ ಭಾರತಿ ತೀರ್ಪಿನಲ್ಲಿ ಅದು ಸಂವಿಧಾನದ ಭಾಗ ಎಂದಾಯಿತು. ವಿಧಿಯ ಅರ್ಥ ಮಸುಕಾದಾಗ ಕೋರ್ಟು ಇದನ್ನು ನೋಡುತ್ತದೆ.

ಉತ್ತರ 3: ನನಗೆ ದೊಡ್ಡದು ಅನಿಸೋದು ಅದರ ಕ್ರಮ. ಸ್ವಾತಂತ್ರ್ಯಕ್ಕಿಂತ ಮೊದಲು ನ್ಯಾಯ. ಅದರಲ್ಲೂ ಸಾಮಾಜಿಕ ಮುಂದೆ, ರಾಜಕೀಯ ಕೊನೆಗೆ. ಮಕ್ಕಳು ಗಡಿಬಿಡಿಯಲ್ಲಿ ಓದೋದು ಇದೇ ಸಾಲನ್ನು. ಬೋರ್ಡಿನಲ್ಲಿ ನ್ಯಾಯ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಬೇರೆಬೇರೆ ಸಾಲಿಗೆ ಬರಲಿ, ಆಗ ಓದೋರು ಪ್ರತಿ ಸಾಲಿಗೂ ತಾವಾಗಿಯೇ ನಿಂತು ಉಸಿರು ತಗೋತಾರೆ.